ಮಾರ್ಕೆಟಿಂಗ್ ಹುದ್ದೆಯ ಸಂದರ್ಶನ: ಮೇಜಿನ ಆಚೆ ಬದಿಯಿಂದ

ದೊಡ್ಡ ಕಂಪನಿಗಳ ಮಾರ್ಕೆಟಿಂಗ್ ಹುದ್ದೆಗೆ ಸಂದರ್ಶನ ಎದುರಿಸಿದವರ ಅನುಭವಗಳಲ್ಲಿ ನಮ್ಮ ಸಣ್ಣ ಉದ್ದಿಮೆದಾರರು ಗಮನಿಸಬೇಕಾದ ಅಂಶಗಳಿವೆ. ಅಲ್ಲಿ ಸಾಮಾನ್ಯವಾಗಿ ಗುಂಪು ಚರ್ಚೆ, ವ್ಯಾಪಾರ ಸಮಸ್ಯೆಯೊಂದರ ವಿಶ್ಲೇಷಣೆ, ಬಳಿಕ ಹಿರಿಯ ಅಧಿಕಾರಿಗಳ ಭೇಟಿ ಎಂಬ ಹಂತಗಳಿರುತ್ತವೆ. "ಈ ಪೆನ್ನನ್ನು ನನಗೆ ಮಾರಿ" ಎಂಬ ಹಳೆಯ ಪ್ರಶ್ನೆ ಇನ್ನೂ ಕೇಳಿಬರುವುದುಂಟು. ಪೆನ್ನಿನ ಗುಣಗಾನಕ್ಕೆ ತೊಡಗುವವರಿಗಿಂತ, "ತಾವು ದಿನಕ್ಕೆ ಎಷ್ಟು ಬರೆಯುತ್ತೀರಿ?" ಎಂದು ಮೊದಲು ವಿಚಾರಿಸುವವರೇ ಮೇಲು. ನಮ್ಮ ಜವಳಿ ಅಂಗಡಿಗಳ ಗುಮಾಸ್ತರಿಗೆ ಇದು ಯಾರೂ ಕಲಿಸದೆ ಬಂದ ವಿದ್ಯೆ.

ಅಭ್ಯರ್ಥಿಗಳ ದೂರು ಬೇರೆಯೇ ಇದೆ. ಹೊಸ ಉತ್ಪನ್ನದ ಸಂಪೂರ್ಣ ಮಾರಾಟ ಯೋಜನೆಯನ್ನು ಬರೆಸಿಕೊಂಡು ಫಲಿತಾಂಶವನ್ನೇ ತಿಳಿಸದಿರುವುದು ಒಂದು. ಹಿಂದಿನ ಕಂಪನಿಯ ವಿತರಕರ ಪಟ್ಟಿ, ರಿಯಾಯಿತಿ ದರಗಳನ್ನು ಕೆದಕುವುದು ಇನ್ನೊಂದು. ಅದನ್ನು ಹೇಳಿಬಿಡುವವನು ನಾಳೆ ನಮ್ಮ ದರಪಟ್ಟಿಯನ್ನೂ ಬೇರೆಡೆ ಹೇಳಿಯಾನು! ಕೆಲಸ ಬಿಟ್ಟ ಮೇಲೆ ಪ್ರತಿಸ್ಪರ್ಧಿಗಳಲ್ಲಿ ಸೇರಕೂಡದೆಂಬ ಷರತ್ತಿನಿಂದ ಆತನನ್ನು ಕಟ್ಟಿಹಾಕಬಹುದೆಂಬ ನಂಬಿಕೆಯೂ ಸಲ್ಲದು. 1872ರ ಭಾರತೀಯ ಕರಾರು ಕಾಯ್ದೆಯ 27ನೆಯ ಕಲಮಿನನ್ವಯ ಅಂತಹ ನಿರ್ಬಂಧ ಸಾಮಾನ್ಯವಾಗಿ ಅನೂರ್ಜಿತ. ವ್ಯಾಪಾರ ರಹಸ್ಯವನ್ನು ಕಾಪಾಡುವ ಷರತ್ತಿನ ಮಾತು ಬೇರೆ.

ದೊಡ್ಡ ಕಂಪನಿಗಳಲ್ಲಿ ನೇಮಕಕ್ಕೆ ಹಲವರ ಸಹಿ ಬೇಕು. ನಮ್ಮಲ್ಲಿ ಮಾಲೀಕರೊಬ್ಬರ ಒಪ್ಪಿಗೆ ಸಾಕು. ಹೀಗಿದ್ದೂ ಯೋಗ್ಯರನ್ನು ವಾರಗಟ್ಟಲೆ ಕಾಯಿಸಿ ಕಳೆದುಕೊಳ್ಳುವುದು ಶುದ್ಧ ನಷ್ಟದ ಬಾಬತ್ತು. ನಿಶ್ಚಿತ ವೇತನವೆಷ್ಟು, ಕಮಿಷನ್ ಎಷ್ಟು, ತಿಂಗಳಿಗೆ ಎಷ್ಟು ದಿನ ತಿರುಗಾಟ, ಪ್ರಯಾಣ ಭತ್ಯೆ ಹೇಗೆ ಎಂಬುದನ್ನು ಮೊದಲ ಭೇಟಿಯಲ್ಲೇ ತಿಳಿಸಿ, ಆಯ್ಕೆಯಾಗಲಿ ಬಿಡಲಿ, ಮೂರು ದಿನಗಳೊಳಗೆ ಪತ್ರ ಬರೆಯುವುದಕ್ಕೆ ಯಾವ ವೆಚ್ಚವೂ ಇಲ್ಲ.