ಬಂಗಾರ ಕೊಟ್ಟು ತಂದ ಜೀಪು

2019ರ ಆಗಸ್ಟ್ ತಿಂಗಳು. ಕೃಷ್ಣಾ ನದಿಯ ನೆರೆ ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳ ದಂಡೆಯ ಊರುಗಳಿಗೆ ನುಗ್ಗಿತ್ತು. ರಾಯಬಾಗ ತಾಲೂಕಿನ ನಮ್ಮ ಊರಿನವರೂ ದನಕರು, ಹಾಸಿಗೆ, ಹಿಟ್ಟಿನ ಡಬ್ಬಿಗಳೊಂದಿಗೆ ಪರಿಹಾರ ಕೇಂದ್ರ ಸೇರಿದೆವು. ನೀರು ಇಳಿದ ಮೇಲೆ ಮರಳಿ ಬಂದು ನೋಡಿದರೆ ಮನೆಯ ಗೋಡೆಯ ಮೇಲೆ ಎದೆಮಟ್ಟಕ್ಕೆ ಕೆಸರಿನ ಗೆರೆ. ಕೊಟ್ಟಿಗೆಯಲ್ಲಿ ನಿಂತಿದ್ದ ಮಾವನವರ ಹಳೆಯ ಜೀಪಿನೊಳಗೆ ಒಂದು ಗೇಣು ಕೆಸರು.

ಮುಂದಿನ ವಾರವೇ ಭಂಗಾರದವನು ಬಂದ. ನಮ್ಮ ಕಡೆ ಗುಜರಿ ಸಾಮಾನಿಗೆ ಭಂಗಾರ ಎನ್ನುತ್ತಾರೆ. ನೆರೆ ಬಂದ ಊರುಗಳಲ್ಲಿ ಅವನಿಗೆ ಆಗ ಸುಗ್ಗಿ. ಜೀಪನ್ನು ಒಮ್ಮೆ ಸುತ್ತು ಹಾಕಿ, ಕಬ್ಬಿಣದ ತೂಕಕ್ಕೆ ಬೆಲೆ ಕಟ್ಟಿದ. ಮನೆ ದುರಸ್ತಿಗೆ ಹಣ ಬೇಕಿತ್ತು. ನನ್ನ ಪತಿ ಹೂಂ ಎನ್ನುವುದರಲ್ಲಿದ್ದರು. ಒಳಗಿನಿಂದ ಅತ್ತೆ ಹೊರಗೆ ಬಂದರು.

“ಬಂಗಾರ ಕೊಟ್ಟ ತಂದದ್ದನ್ನ ಭಂಗಾರಕ್ಕ ಕೊಡಬ್ಯಾಡ್ರಿ” ಎಂದರು.

ಆಗಲೇ ನನಗೆ ಗೊತ್ತಾದದ್ದು, ಆ ಜೀಪು ಕೊಳ್ಳಲು ಅತ್ತೆ ತಮ್ಮ ಬಳೆಗಳನ್ನು ಬಿಚ್ಚಿಕೊಟ್ಟಿದ್ದರೆಂದು. ಮದುವೆಯಾಗಿ ಇಷ್ಟು ವರ್ಷವಾದರೂ ಅವರು ಅದನ್ನು ಯಾರ ಮುಂದೆಯೂ ಹೇಳಿರಲಿಲ್ಲ. ಅದೇ ಜೀಪಿನಲ್ಲಿ ಓಣಿಯ ಎಷ್ಟೋ ಹೆಣ್ಣುಮಕ್ಕಳನ್ನು ಹೆರಿಗೆ ನೋವಿನಲ್ಲಿ ರಾತ್ರೋರಾತ್ರಿ ಮಿರಜದ ಆಸ್ಪತ್ರೆಗೆ ಒಯ್ದಿದ್ದರಂತೆ. ಭಂಗಾರದವನು ಚಹಾ ಕುಡಿದು ಬರಿಗೈಯಲ್ಲಿ ಹೋದ.

ಮ್ಯಾಗ್ನೆಟ್ ಹೇಳಿದ ಸತ್ಯ

ಜೀಪನ್ನು ಟ್ರ್ಯಾಕ್ಟರಿಗೆ ಕಟ್ಟಿ ಚಿಕ್ಕೋಡಿಯ ಒಬ್ಬ ಮಿಸ್ತ್ರಿಯ ಗ್ಯಾರೇಜಿಗೆ ಎಳೆದೊಯ್ದರು. ಹಣ ಯಾವುದಕ್ಕೆ ಹೋಗುತ್ತದೆಂದು ತಿಳಿಯಬೇಕೆಂದು ನಾನೂ ಅತ್ತೆಯೂ ಮರುದಿನ ಹೋದೆವು. ಮಿಸ್ತ್ರಿ ಕಿಸೆಯಿಂದ ಚಿಕ್ಕ ಮ್ಯಾಗ್ನೆಟ್ ತೆಗೆದು ಜೀಪಿನ ಬದಿಗೆ ಹಿಡಿದರು. ಮೇಲೆ ಟಕ್ಕನೆ ಅಂಟಿತು. ಕೆಳಗೆ ಬಂದಂತೆ ಜಾರಿ ಬಿತ್ತು.

“ನೋಡ್ರಿ ಖಾಲಾ, ಇಲ್ಲಿ ಕಬ್ಬಿಣ ಇಲ್ಲ. ಬರೇ ಪುಟ್ಟಿ” ಎಂದರು.

2005ರ ನೆರೆಯ ನಂತರ ಬೇರೊಂದು ಕಡೆ ಈ ಜೀಪಿಗೆ ಬಣ್ಣ ಹೊಡೆಸಿದ್ದೆವು. ಆಗ ಮದುಮಗಳಂತೆ ಹೊಳೆಯುತ್ತಿತ್ತು. ಆ ಕೆಲಸದವರು ತುಕ್ಕು ಹಿಡಿದ ತಗಡನ್ನು ಕತ್ತರಿಸಿ ತೆಗೆಯದೆ, ತೂತುಗಳಿಗೆ ಪುಟ್ಟಿ ತುಂಬಿ ಮೇಲೆ ಬಣ್ಣ ಬಳಿದಿದ್ದರು. ಹದಿನಾಲ್ಕು ವರ್ಷ ನಮ್ಮ ಮಕ್ಕಳು ಕಾಲೂರಿ ಕುಳಿತದ್ದು ತಗಡಿನ ಮೇಲಲ್ಲ, ಬಣ್ಣದ ಮೇಲೆ.

ಕಾಲಿಡುವ ತಗಡಿನ ಅಡಿಯಲ್ಲಿ ಬಲಕ್ಕೆಂದು ಟೋಪಿಯಾಕಾರದ ಉದ್ದ ಪಟ್ಟಿಗಳಿರುತ್ತವೆ. ನೆರೆಯ ಕೆಸರು ಹೋಗಿ ಕೂರುವುದು ಅದರೊಳಗೆ. ಮೇಲಿನಿಂದ ಎಷ್ಟು ತೊಳೆದರೂ ಅದು ಹೊರಬಾರದು, ತೇವ ಆರದು. ತುಕ್ಕು ಒಳಗಿನಿಂದ ಹೊರಕ್ಕೆ ತಿನ್ನುತ್ತಾ ಬರುತ್ತದೆ. ಯುದ್ಧಕಾಲದ ಜೀಪುಗಳಲ್ಲಿ ಈ ಪಟ್ಟಿಯೊಳಗೆ ಮರದ ತುಂಡು ಇಡುತ್ತಿದ್ದರು. ಆ ಮರ ನೀರು ಹೀರಿ, ಅದೇ ತುಕ್ಕಿಗೆ ಮನೆಯಾಗುತ್ತಿತ್ತು.

ಒಂದು ಹೆಸರಿನ ಕಥೆ

ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ವಿಲ್ಲೀಸ್ ಮತ್ತು ಫೋರ್ಡ್ ಕಂಪೆನಿಗಳು ಸೇರಿ ಆರು ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ತಯಾರಿಸಿದವು. ಬೇಗ ತಯಾರಾಗಬೇಕು, ಎಲ್ಲಿ ಬೇಕಾದರೂ ದುರಸ್ತಿಯಾಗಬೇಕು ಎಂಬುದು ಸೈನ್ಯದ ಅಗತ್ಯ. ಹಾಗಾಗಿ ಜೀಪಿನ ಮೈ ಬಹುಪಾಲು ಸಪಾಟು ತಗಡು. ಇಂದಿನ ಕಾರಿನ ಬಳುಕುವ ಬಾಗಿಲನ್ನು ಕಾರ್ಖಾನೆಯ ದೊಡ್ಡ ಅಚ್ಚಿಲ್ಲದೆ ಮಾಡಲಾಗದು. ಜೀಪಿನ ಬದಿಯನ್ನು ಕತ್ತರಿ, ಸುತ್ತಿಗೆ, ತಗಡು ಮಡಚುವ ಯಂತ್ರ ಮತ್ತು ವೆಲ್ಡಿಂಗ್ ಇದ್ದರೆ ತಾಲೂಕಿನ ಮಿಸ್ತ್ರಿಯೂ ಮಾಡಬಲ್ಲ.

ನಮ್ಮ ದೇಶದಲ್ಲಿ ವಿಲ್ಲೀಸ್ ಜೀಪುಗಳನ್ನು ಜೋಡಿಸಿ ಮಾರಿದ ಕಂಪೆನಿ 1945ರಲ್ಲಿ ಶುರುವಾದಾಗ ಅದರ ಹೆಸರು ‘ಮಹೀಂದ್ರಾ ಆ್ಯಂಡ್ ಮೊಹಮ್ಮದ್’. ಮಹೀಂದ್ರಾ ಸಹೋದರರ ಜೊತೆಗಿದ್ದ ಪಾಲುದಾರರು ಗುಲಾಮ್ ಮೊಹಮ್ಮದ್. ದೇಶ ವಿಭಜನೆಯಾದಾಗ ಅವರು ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಮಂತ್ರಿಯಾದರು, 1951ರಲ್ಲಿ ಗವರ್ನರ್ ಜನರಲ್ ಆದರು. 1948ರಲ್ಲಿ ಕಂಪೆನಿಯ ಹೆಸರು ‘ಮಹೀಂದ್ರಾ ಆ್ಯಂಡ್ ಮಹೀಂದ್ರಾ’ ಎಂದಾಯಿತು. ಈ ಕಥೆ ಕೇಳಿ ಅತ್ತೆ, “ಮನಿ ಪಾಲಾದಾಗ ಹೆಸರೂ ಪಾಲಾಕ್ಕಾವು” ಎಂದು ಸುಮ್ಮನಾದರು.

ನಮ್ಮದು ಆ ಕಂಪೆನಿಯ 1972ರ ಸಿಜೆ 3ಬಿ. ರಾಜ್ಯಕ್ಕೆ ಇನ್ನೂ ಮೈಸೂರು ಎಂಬ ಹೆಸರಿದ್ದ ಕಾಲದ್ದು. ಈ ಮಾದರಿಯ ಎಂಜಿನ್ ಹಳೆಯದಕ್ಕಿಂತ ಎತ್ತರವಾದ್ದರಿಂದ ಬಾನೆಟ್ ಕೂಡ ಎತ್ತರ.

ಹೊಸ ಮೈ ಬಂದ ಬಗೆ

ಮೊದಲು ಬೋಲ್ಟುಗಳನ್ನು ಬಿಚ್ಚಿ ಮೈಯನ್ನು ಚಾಸಿಯಿಂದ ಎತ್ತಿದರು. ಚಾಸಿ ಎಂದರೆ ಗಾಡಿಯ ಬೆನ್ನೆಲುಬು. ಅದು ಗಟ್ಟಿಯಾಗಿತ್ತು. ಮಿಸ್ತ್ರಿ ಅದರ ಮೇಲಿನ ನಂಬರನ್ನು ಒರೆಸಿ ತೋರಿಸಿ, “ಇದನ್ನ ಯಾರೂ ಮುಟ್ಟಬಾರದು. ಇದ ಹೋದ್ರ ಗಾಡಿ ಹೋದಂಗ” ಎಂದರು.

ಈ ಜೀಪಿನಲ್ಲಿ ಪೆಟ್ರೋಲ್ ಟ್ಯಾಂಕ್ ಇರುವುದು ಚಾಲಕನ ಸೀಟಿನ ಕೆಳಗೆ. ವೆಲ್ಡಿಂಗಿಗೆ ಮೊದಲು ಅದನ್ನು ತೆಗೆದು ದೂರ ಇಟ್ಟರು, ಬ್ಯಾಟರಿಯ ತಂತಿ ಬಿಚ್ಚಿದರು. ಖಾಲಿ ಟ್ಯಾಂಕಿನಲ್ಲಿ ಉಳಿಯುವ ಪೆಟ್ರೋಲಿನ ಆವಿ ಒಂದು ಕಿಡಿಗೆ ಸಿಡಿಯಬಲ್ಲದು.

ತಗಡಿನ ಲೆಕ್ಕ ಗೇಜಿನಲ್ಲಿ. ಗೇಜ್ ಸಂಖ್ಯೆ ಹೆಚ್ಚಿದಷ್ಟೂ ತಗಡು ತೆಳು. 18 ಗೇಜ್ ಎಂದರೆ ಸುಮಾರು 1.2 ಮಿ.ಮೀ., 16 ಗೇಜ್ ಎಂದರೆ ಸುಮಾರು 1.6 ಮಿ.ಮೀ. ನಮ್ಮ ಜೀಪಿನ ಬದಿಗಳಿಗೆ 18, ಕಾಲಿಡುವ ನೆಲಕ್ಕೆ 16 ಗೇಜಿನ ತಗಡು ಹಾಕಿದರು. ಹಳೆಯ ತುಂಡನ್ನು ರಟ್ಟಿನ ಮೇಲೆ ಇಟ್ಟು ಗೆರೆ ಎಳೆದು, ಆ ಅಳತೆಗೆ ತಗಡು ಕತ್ತರಿಸಿದರು. ನಾವು ಹಳೆಯ ಕುಪ್ಪಸ ಇಟ್ಟು ಹೊಸದಕ್ಕೆ ಬಟ್ಟೆ ಕತ್ತರಿಸುವಂತೆಯೇ.

ತೆಳು ತಗಡಿಗೆ ಒಂದೇ ಸಮನೆ ವೆಲ್ಡಿಂಗ್ ಎಳೆದರೆ ಬಿಸಿಗೆ ಅದು ಹಪ್ಪಳದಂತೆ ಸೊಟ್ಟಗಾಗುತ್ತದೆ. ಅದಕ್ಕೆ ಮೊದಲು ದೂರ ದೂರ ಚುಕ್ಕೆ ಇಟ್ಟಂತೆ ಹಿಡಿಸಿ, ಜೋಡಣೆ ಸರಿಯಿದೆಯೇ ನೋಡಿ, ಆರಲು ಬಿಟ್ಟು, ಆಮೇಲೆ ನಡುವಿನ ಜಾಗ ತುಂಬುತ್ತಾರೆ. ಕೆಸರು ನಿಲ್ಲದಿರಲೆಂದು ನೆಲದ ತಗ್ಗಿನಲ್ಲಿ ನೀರು ಹೋಗುವ ರಂಧ್ರಗಳನ್ನೂ ಕೊರೆದರು. ರೆಡ್ ಆಕ್ಸೈಡ್ ಹಚ್ಚುವ ಮುನ್ನ ಕರೆ ಮಾಡಿ, “ಬಂದ ನೋಡ್ರಿ. ಬಣ್ಣ ಬಿದ್ದ ಮ್ಯಾಲ ಏನೂ ಕಾಣೂದಿಲ್ಲ” ಎಂದರು. ಇಂಥ ಮಾತು ಹೇಳುವ ಕೆಲಸಗಾರ ಸಿಕ್ಕರೆ ಕೈಬಿಡಬಾರದು.

ಮಗನ ಆಸೆ, ಅಜ್ಜಿಯ ಮೆಟ್ಟಿಲು

ನನ್ನ ಮಗನಿಗೆ ಬೇರೆಯೇ ಆಸೆ. ಹರಿಯಾಣದ ಮಂಡಿ ಡಬ್ವಾಲಿಯಲ್ಲಿ ತಯಾರಾಗುವ ಅಗಲ ಚಕ್ರದ, ಎತ್ತರಿಸಿದ ತೆರೆದ ಜೀಪುಗಳನ್ನು ಅವನು ಮೊಬೈಲಿನಲ್ಲಿ ನೋಡಿದ್ದ. ನಮ್ಮದೂ ಹಾಗೇ ಆಗಲಿ ಎಂದು ಹಟ ಹಿಡಿದ.

ಆದರೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ನೋಂದಣಿ ಪತ್ರದಲ್ಲಿರುವ ವಿವರಗಳು ಕಂಪೆನಿ ಮೂಲತಃ ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಸ್ಪಷ್ಟಪಡಿಸಿದೆ. ಅದೇ ವರ್ಷದ ತಿದ್ದುಪಡಿಯಂತೆ ಅನುಮತಿಯಿಲ್ಲದ ಪ್ರತಿ ಬದಲಾವಣೆಗೆ ಮಾಲೀಕನಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಆಗಬಹುದು. ಅಪಘಾತವಾದರೆ ವಿಮೆಯ ಹಣಕ್ಕೂ ತಕರಾರು ಬರಬಹುದು. ಗಾಡಿಯನ್ನು ಎತ್ತರಿಸಿದಷ್ಟೂ ತಿರುವಿನಲ್ಲಿ ಮಗುಚುವ ಅಪಾಯ ಹೆಚ್ಚು. ಮಿಸ್ತ್ರಿ ಮಗನನ್ನು ಕೂರಿಸಿಕೊಂಡು ಇದನ್ನು ತಿಳಿಸಿ ಹೇಳಿದರು. ಅವನು ಎರಡು ದಿನ ಮುನಿಸಿಕೊಂಡಿದ್ದ.

2021ರಲ್ಲಿ ಬಂದ ಇನ್ನೊಂದು ನಿಯಮವೂ ತಿಳಿದಿರಲಿ. 50 ವರ್ಷ ದಾಟಿದ, ಮೂಲರೂಪದಲ್ಲೇ ಇರುವ ವಾಹನವನ್ನು ‘ವಿಂಟೇಜ್’ ಎಂದು ನೋಂದಾಯಿಸಬಹುದು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ. ಚಾಸಿ, ಮೈ, ಎಂಜಿನ್ ಬದಲಿಸಿದ್ದರೆ ಆ ಮನ್ನಣೆ ಇಲ್ಲ. ಮನ್ನಣೆ ಸಿಕ್ಕರೂ ದಿನನಿತ್ಯ ರಸ್ತೆಯಲ್ಲಿ ಓಡಿಸುವಂತಿಲ್ಲ, ಪ್ರದರ್ಶನದಂಥ ಕೆಲಸಕ್ಕೆ ಮಾತ್ರ. ನಮಗೆ ಬೇಕಿದ್ದದ್ದು ಓಡುವ ಗಾಡಿ. ಆದ್ದರಿಂದ ಮೂಲ ಆಕಾರವನ್ನೇ ಉಳಿಸಿ ತಗಡು ಬದಲಿಸಿದೆವು. ಹದಿನೈದು ವರ್ಷ ದಾಟಿದ ಗಾಡಿಗೆ ಐದು ವರ್ಷಕ್ಕೊಮ್ಮೆ ಮಾಡಿಸಬೇಕಾದ ನೋಂದಣಿ ನವೀಕರಣವನ್ನೂ ಮಾಡಿಸಿದೆವು.

ಅತ್ತೆ ಕೇಳಿದ್ದು ಒಂದೇ. “ನನ್ನ ಮೊಣಕಾಲಿಗಿ ಈ ಎತ್ತರ ಆಗೂದಿಲ್ಲ. ಹತ್ತಾಕ ಒಂದ ಮೆಟ್ಟಿಲಾ, ಹಿಡಿಯಾಕ ಒಂದ ಕಂಬಿ ಮಾಡಿಕೊಡಪಾ.” ಮಿಸ್ತ್ರಿ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿಕೊಂಡು, ಒಳಕ್ಕೆ ಮಡಚಿಕೊಳ್ಳುವ ಸಣ್ಣ ಮೆಟ್ಟಿಲು ಮತ್ತು ದುಂಡನೆಯ ಹಿಡಿಕೆ ಮಾಡಿ ಬೋಲ್ಟು ಹಾಕಿ ಕೂರಿಸಿದರು. ಇಡೀ ಜೀಪಿನಲ್ಲಿ ನಮ್ಮದೇ ಎನ್ನಬಹುದಾದ ಹೊಸ ಕೆಲಸ ಅದೊಂದೇ.

ಗ್ಯಾರೇಜಿನವರ ಮನೆಯಲ್ಲಿ

ಪತಿಯೋ ಮಗನೋ ಈ ಕಸುಬಿನಲ್ಲಿರುವ ಮನೆಗಳ ಹೆಣ್ಣುಮಕ್ಕಳಿಗೆ ಎರಡು ಮಾತು. ಕನ್ನಡಿ ಹಿಡಿಯದೆ ವೆಲ್ಡಿಂಗ್ ಮಾಡಿದವರಿಗೆ ರಾತ್ರಿ ಕಣ್ಣಿಗೆ ಮರಳು ಬಿದ್ದಂತೆ ಉರಿಯುತ್ತದೆ. ಅದು ಆ ಬೆಳಕಿನ ಕಿರಣದಿಂದ ಕಣ್ಣು ಸುಟ್ಟದ್ದು. ಹಾಲು ಹನಿಸಿ ಕಾಯುವುದು ಬೇಡ, ವೈದ್ಯರಿಗೆ ತೋರಿಸಿ. ಸತು ಲೇಪಿಸಿದ ತಗಡನ್ನು ವೆಲ್ಡಿಂಗ್ ಮಾಡಿದ ಹೊಗೆ ಕುಡಿದರೆ ಜ್ವರ, ಮೈಕೈ ನೋವು ಬರುತ್ತದೆ. ಹಳೆಯ ಗಾಡಿಗಳ ಬಣ್ಣದಲ್ಲಿ ಸೀಸ ಇರಬಹುದು. ಅದನ್ನು ಉಜ್ಜಿದ ಧೂಳು ಬಟ್ಟೆಗಂಟಿ ಮನೆಗೆ ಬರುತ್ತದೆ, ಮಕ್ಕಳಿಗೆ ಅದು ಬಹಳ ಕೆಟ್ಟದ್ದು. ಆ ಬಟ್ಟೆಗಳನ್ನು ಬೇರೆಯಾಗಿ ಒಗೆಯಿರಿ. ಕೈಕಾಲು ತೊಳೆದ ಮೇಲೆಯೇ ಮಗುವನ್ನು ಎತ್ತಿಕೊಳ್ಳಲು ಹೇಳಿ.

ಜೀಪು ಮನೆಗೆ ಬಂದ ದಿನ ಅತ್ತೆ ಹೊಸ ಬಣ್ಣವನ್ನು ಹೊಗಳಲಿಲ್ಲ. ಒಳಗೆ ಹೋಗಿ ಫ್ರಿಜ್ ಬಾಗಿಲಿಗೆ ಅಂಟಿಸಿದ್ದ ಮ್ಯಾಗ್ನೆಟ್ ತಂದು ಜೀಪಿನ ಬದಿಗೆ, ಕೆಳಗೆ, ಮೂಲೆ ಮೂಲೆಗೆ ಹಿಡಿದು ನೋಡಿದರು. ಎಲ್ಲೆಡೆ ಟಕ್ಕನೆ ಅಂಟಿತು. ಆಮೇಲೆ ಕಂಬಿ ಹಿಡಿದು, ಮೆಟ್ಟಿಲು ತುಳಿದು, ಯಾರ ಕೈ ಆಸರೆಯೂ ಇಲ್ಲದೆ ಹತ್ತಿ ಕುಳಿತರು.

ಮ್ಯಾಗ್ನೆಟ್ ಈಗ ಮತ್ತೆ ಫ್ರಿಜ್ ಮೇಲಿದೆ. ಓಣಿಯಲ್ಲಿ ಯಾರಾದರೂ ಹಳೆಯ ಗಾಡಿ ಕೊಳ್ಳಲು ಹೊರಟರೆ ಮೊದಲು ಬಂದು ಅದನ್ನು ಕೇಳಿ ಒಯ್ಯುತ್ತಾರೆ.