ಕರುಳಿನ ಉರಿಗೆ ಮಲವೇ ಸಾಕ್ಷಿ: ನಿಮಗಿದು ಗೊತ್ತೇ?

ಕರುಳಿನ ಒಳಪದರ ಕೆಂಪಾಗಿ ಊದಿಕೊಂಡರೆ ಮೊದಲು ಅಲ್ಲಿಗೆ ಓಡಿಬರುವುದು ನ್ಯೂಟ್ರೊಫಿಲ್ ಎಂಬ ಬಿಳಿ ರಕ್ತಕಣಗಳು. ಅವುಗಳೊಳಗಿನ ದ್ರವದಲ್ಲಿ ಕರಗಿರುವ ಪ್ರೋಟೀನಿನ ಸುಮಾರು ಅರ್ಧ ಪಾಲು ಒಂದೇ ವಸ್ತುವಿನದು. ಅದರ ಹೆಸರು ಕ್ಯಾಲ್‌ಪ್ರೊಟೆಕ್ಟಿನ್. ಕಣಗಳು ಕರುಳಿನೊಳಕ್ಕೆ ಜಾರಿ ಒಡೆದಾಗ ಅದು ಮಲದೊಂದಿಗೆ ಬೆರೆತು ಹೊರಬರುತ್ತದೆ. ಒಂದು ಗ್ರಾಂ ಮಲದಲ್ಲಿ ಅದು ಎಷ್ಟಿದೆ ಎಂದು ಅಳೆದರೆ ಒಳಗಿನ ಉರಿಯೂತದ ಅಂದಾಜು ಸಿಗುತ್ತದೆ.

ಈ ಪ್ರೋಟೀನನ್ನು 1980ರಲ್ಲಿ ಮೊದಲು ವರ್ಣಿಸಿದವರು ನಾರ್ವೆಯ ಮ್ಯಾಗ್ನೆ ಫಾಗರ್‌ಹೋಲ್ ಮತ್ತು ಅವರ ಸಂಗಡಿಗರು. ಆಗ ಅದಕ್ಕಿದ್ದ ಹೆಸರು ಬರೀ ‘ಎಲ್1’. ಮಲದಲ್ಲಿ ಅದನ್ನು ಅಳೆಯುವ ವಿಧಾನ ಪ್ರಕಟವಾದದ್ದು 1992ರಲ್ಲಿ, ಅದೂ ನಾರ್ವೆಯಿಂದಲೇ.

ಹೆಸರಿನಲ್ಲೇ ಅದರ ಕೆಲಸವೂ ಇದೆ. ಕ್ಯಾಲ್ಸಿಯಂಗೆ ಅಂಟಿಕೊಳ್ಳುತ್ತದೆ, ರಕ್ಷಣೆಯನ್ನೂ ಕೊಡುತ್ತದೆ. ರೋಗಾಣುಗಳು ಬೆಳೆಯಲು ಬೇಕಾದ ಸತು ಮತ್ತು ಮ್ಯಾಂಗನೀಸನ್ನು ಮೊದಲೇ ಬಾಚಿಕೊಂಡು ಅವುಗಳನ್ನು ಉಪವಾಸ ಕೆಡವುವುದು ಇದರ ಯುದ್ಧತಂತ್ರ.

ಮಲದಲ್ಲಿ ಬೇರೆ ಪ್ರೋಟೀನುಗಳನ್ನು ಬ್ಯಾಕ್ಟೀರಿಯಾಗಳು ಬೇಗ ತಿಂದು ಮುಗಿಸುತ್ತವೆ. ಕ್ಯಾಲ್ಸಿಯಂ ಹಿಡಿದುಕೊಂಡಿರುವ ಇದು ಮಾತ್ರ ಅಷ್ಟು ಸುಲಭವಾಗಿ ಜೀರ್ಣವಾಗದು. ಕೋಣೆಯ ಉಷ್ಣಾಂಶದಲ್ಲೂ ಎರಡು ಮೂರು ದಿನ ಉಳಿಯುವುದರಿಂದ ದೂರದ ಊರಿನವರೂ ಮಾದರಿಯನ್ನು ಲ್ಯಾಬಿಗೆ ತಲುಪಿಸಬಹುದು. ನಮ್ಮ ಬೇಸಿಗೆಯಲ್ಲಿ ಅಷ್ಟು ತಡಮಾಡದೆ ಅದೇ ದಿನ ಕೊಡುವುದು ಮೇಲು.

ಹೊಟ್ಟೆನೋವು, ಪದೇ ಪದೇ ಭೇದಿ, ಹೊಟ್ಟೆಯುಬ್ಬರ ಐಬಿಎಸ್‌ನಲ್ಲೂ ಇರುತ್ತವೆ, ಐಬಿಡಿಯಲ್ಲೂ ಇರುತ್ತವೆ. ಹೆಸರಿನಲ್ಲಿ ಒಂದಕ್ಷರದ ಅಂತರ, ಕಾಯಿಲೆಯಲ್ಲಿ ಆಕಾಶ ಭೂಮಿಯ ಅಂತರ. ಐಬಿಎಸ್‌ನಲ್ಲಿ ಕರುಳಿನ ನಡೆ ಕೆಟ್ಟಿರುತ್ತದೆ, ಹುಣ್ಣಿರುವುದಿಲ್ಲ. ಐಬಿಡಿ ಎಂದರೆ ಕ್ರೋನ್ಸ್ ಕಾಯಿಲೆ ಮತ್ತು ಅಲ್ಸರೇಟಿವ್ ಕೊಲೈಟಿಸ್. ಅಲ್ಲಿ ಕರುಳೇ ಗಾಯಗೊಳ್ಳುತ್ತದೆ. ಐಬಿಎಸ್ಸೋ ಐಬಿಡಿಯೋ ಎಂಬ ಅನುಮಾನವಿದ್ದಾಗ, ಕ್ಯಾನ್ಸರಿನ ಶಂಕೆ ಇಲ್ಲದಿದ್ದರೆ, ಈ ಪರೀಕ್ಷೆಯನ್ನು ಬಳಸಬಹುದೆಂದು ಬ್ರಿಟನ್ನಿನ ನೈಸ್ ಸಂಸ್ಥೆ 2013ರಲ್ಲೇ ಹೇಳಿತು. ಎಷ್ಟೋ ಜನಕ್ಕೆ ಕೊಲೊನೊಸ್ಕೋಪಿ ತಪ್ಪುವುದು ಇದರಿಂದ.

ದೊಡ್ಡವರಲ್ಲಿ ಗ್ರಾಂಗೆ 50 ಮೈಕ್ರೊಗ್ರಾಂಗಿಂತ ಕಡಿಮೆ ಇದ್ದರೆ ಕರುಳಿನಲ್ಲಿ ಉರಿಯೂತವಿರುವ ಸಂಭವ ತೀರ ಕಡಿಮೆ. 250 ದಾಟಿದರೆ ಉರಿಯೂತ ಜೋರಾಗಿದೆ ಎಂಬ ಶಂಕೆ ಬಲವಾಗುತ್ತದೆ. ನಡುವಿನ ಸಂಖ್ಯೆ ಬಂದರೆ ಕೆಲವು ವಾರ ಬಿಟ್ಟು ಮತ್ತೆ ನೋಡುವುದು ರೂಢಿ. ಹಸುಗೂಸುಗಳಲ್ಲಿ ಇದು ಸಹಜವಾಗಿಯೇ ಹೆಚ್ಚಿರುತ್ತದೆ. ಮಗುವಿನ ವರದಿಯನ್ನು ದೊಡ್ಡವರ ಅಳತೆಗೋಲಿಗೆ ಹಿಡಿದು ಗಾಬರಿಯಾಗಬೇಡಿ.

ಆದರೆ ಹೆಚ್ಚು ಬಂದದ್ದೆಲ್ಲ ಐಬಿಡಿ ಅಲ್ಲ. ಇದನ್ನು ಒತ್ತಿ ಹೇಳಲೇಬೇಕು. ಕರುಳಿನ ಸೋಂಕು, ಕ್ಯಾನ್ಸರ್, ಕೊನೆಗೆ ಮಂಡಿನೋವಿಗೆಂದು ನುಂಗಿದ ಡೈಕ್ಲೊಫೆನಾಕ್ ಅಥವಾ ಐಬುಪ್ರೊಫೆನ್ ಮಾತ್ರೆ ಕೂಡ ಈ ಸಂಖ್ಯೆಯನ್ನು ಏರಿಸಬಲ್ಲವು. ಮೆಡಿಕಲ್ ಶಾಪಿನಿಂದ ನೀವೇ ತಂದು ತಿಂದ ಮಾತ್ರೆಯ ವಿಷಯವನ್ನು ಡಾಕ್ಟರಿಂದ ಮುಚ್ಚಿಡಬೇಡಿ. ಭಾರತದಲ್ಲಿ ಇನ್ನೊಂದು ತೊಡಕಿದೆ: ಕರುಳಿನ ಕ್ಷಯ ಕ್ರೋನ್ಸ್ ಕಾಯಿಲೆಯನ್ನೇ ಹೋಲುತ್ತದೆ, ಎರಡನ್ನೂ ಬೇರ್ಪಡಿಸುವ ಶಕ್ತಿ ಈ ಪರೀಕ್ಷೆಗಿಲ್ಲ. ಅಲ್ಲಿ ಎಂಡೋಸ್ಕೋಪಿ, ಬಯಾಪ್ಸಿಯೇ ಬೇಕು. ಕ್ರೋನ್ಸ್‌ಗೆ ಕೊಡುವ ಸ್ಟೀರಾಯ್ಡ್ ಕ್ಷಯವನ್ನು ಉಲ್ಬಣಿಸಬಲ್ಲದಾದ್ದರಿಂದ ಇದು ಸಣ್ಣ ವಿಷಯವಲ್ಲ.

ಆಮಶಂಕೆಯ ಅಮೀಬಾ ಇದೆಯೇ, ಬ್ಯಾಕ್ಟೀರಿಯಾ ಬೆಳೆಯುತ್ತದೆಯೇ ಎಂದೂ ಮಲದಲ್ಲೇ ನೋಡುತ್ತಾರೆ. ಹಳೆಯ ಐಬಿಡಿ ರೋಗಿಗೆ ಭೇದಿ ಮರುಕಳಿಸಿದರೆ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ ಎಂಬ ಬ್ಯಾಕ್ಟೀರಿಯಾದ ವಿಷವನ್ನೂ ಹುಡುಕಬೇಕು. ಕಾಯಿಲೆ ಕೆರಳಿದೆ ಎಂದುಕೊಂಡದ್ದು ಕೆಲವೊಮ್ಮೆ ಬರೀ ಸೋಂಕಾಗಿರುತ್ತದೆ.

ನೋವು ನಿಂತಿತೆಂದರೆ ಹುಣ್ಣು ಮಾಯಿತೆಂದಲ್ಲ! ಕ್ರೋನ್ಸ್ ಇರುವ 244 ಜನರ ಮೇಲೆ ನಡೆದ ‘ಕಾಮ್’ ಅಧ್ಯಯನ 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಒಂದು ಗುಂಪಿಗೆ ಮುಖ್ಯವಾಗಿ ಲಕ್ಷಣ ನೋಡಿ ಔಷಧಿ ಹೆಚ್ಚಿಸಿದರು. ಇನ್ನೊಂದಕ್ಕೆ ಜೊತೆಗೆ ಮಲದ ಕ್ಯಾಲ್‌ಪ್ರೊಟೆಕ್ಟಿನ್ ಮತ್ತು ರಕ್ತದಲ್ಲಿ ಉರಿಯೂತವನ್ನು ಸೂಚಿಸುವ ಸಿಆರ್‌ಪಿಯನ್ನೂ ನೋಡಿದರು. 48 ವಾರಗಳ ಬಳಿಕ ಕರುಳು ಮಾಯ್ದವರು ಮೊದಲ ಗುಂಪಿನಲ್ಲಿ ನೂರಕ್ಕೆ 30, ಎರಡನೆಯದರಲ್ಲಿ 46. ಔಷಧಿ ಎರಡೂ ಕಡೆ ಅವೇ. ಯಾವಾಗ ಹೆಚ್ಚಿಸಬೇಕೆಂಬ ಸುಳಿವಿನ ಪಾಲು ಮಲ ಪರೀಕ್ಷೆಗೂ ಸೇರಿತ್ತು.

ಮಲದಲ್ಲಿ ರಕ್ತ ಕಂಡರೆ ನಮ್ಮಲ್ಲಿ ತಕ್ಷಣ ಬಾಯಿಗೆ ಬರುವ ಮಾತು ಮೂಲವ್ಯಾಧಿ. ನಾಚಿಕೆಯಿಂದ ಮನೆಯವರಿಗೂ ಹೇಳದೆ ನಾಟಿ ಔಷಧಿ ಮಾಡಿಕೊಂಡು ವರ್ಷ ಕಳೆಯುವವರಿದ್ದಾರೆ. ಅವರಲ್ಲಿ ಕೆಲವರಿಗೆ ಇರುವುದು ಅಲ್ಸರೇಟಿವ್ ಕೊಲೈಟಿಸ್ ಎನ್ನುವುದು ನಿಜಕ್ಕೂ ಸಂಕಟದ ಸಂಗತಿ.

ಮಾದರಿ ಹಿಡಿಯುವಾಗ ಕಮೋಡಿನ ನೀರು, ಮೂತ್ರ ತಾಗಬಾರದು. ಮುಚ್ಚಳಕ್ಕೇ ಪುಟ್ಟ ಚಮಚ ಅಂಟಿರುವ ಡಬ್ಬಿಯನ್ನು ಲ್ಯಾಬಿನವರೇ ಕೊಡುತ್ತಾರೆ. ಪ್ರತಿ ಸಲವೂ ಒಂದೇ ಲ್ಯಾಬಿಗೆ ಕೊಡಿ. ಕಿಟ್ ಬದಲಾದರೆ ಸಂಖ್ಯೆಯೂ ಬದಲಾಗುತ್ತದೆ.

ಐಬಿಡಿ ಇರುವ ಬಸುರಿಯರಿಗೆ ಈ ಡಬ್ಬಿ ಇನ್ನೂ ದೊಡ್ಡ ನೆರವು. ಗರ್ಭ ಕಟ್ಟಿದಾಗ ಹಿಮೋಗ್ಲೋಬಿನ್, ಆಲ್ಬುಮಿನ್ ತಾವಾಗಿಯೇ ಇಳಿದು ರಕ್ತದ ವರದಿ ದಾರಿ ತಪ್ಪಿಸಬಹುದು. ಮಲದ ಕ್ಯಾಲ್‌ಪ್ರೊಟೆಕ್ಟಿನ್ ಮಾತ್ರ ಆಗಲೂ ಕರುಳಿನ ಸ್ಥಿತಿಯನ್ನೇ ಹೇಳುತ್ತಿರುತ್ತದೆ, ಸೂಜಿ ಚುಚ್ಚದೆ, ಕೊಳವೆ ಹಾಕದೆ.