ಛಾಯಾಗ್ರಾಹಕನ ಹೊಸ ವರ್ಷದ ಆಯವ್ಯಯ: ಹಣ, ದಿನ ಮತ್ತು ಸ್ವಂತ ಚಿತ್ರ

ಮಾರ್ಚ್ ಅಂತ್ಯದಲ್ಲಿ ದಾಲ್‌ಮಿಲ್ ಮಾಲೀಕರೂ ಪರ್ಸಿ ಕಲ್ಲಿನ ವರ್ತಕರೂ ವರ್ಷದ ಲೆಕ್ಕ ಮುಗಿಸಿ, ಮುಂದಿನ ವರ್ಷದ ಖರೀದಿ, ಸಾಲ ಮತ್ತು ಮಾರಾಟಗಳ ಅಂದಾಜನ್ನು ಬರೆದಿಡುವುದು ವಾಡಿಕೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಮತ್ತು ಚಿಂಚೋಳಿ ಪಟ್ಟಣಗಳ ಫೋಟೊ ಸ್ಟುಡಿಯೊಗಳಲ್ಲಿ ಈ ವಾಡಿಕೆ ವಿರಳ. ಏಪ್ರಿಲ್, ಮೇ ತಿಂಗಳುಗಳಲ್ಲಿ ಮದುವೆಯ ಮುಹೂರ್ತಗಳು ಒಂದರ ಹಿಂದೊಂದು ಬರುವುದರಿಂದ ಯೋಚನೆಗೆ ಬಿಡುವಿರುವುದಿಲ್ಲ. ಈ ವರ್ಷವಾದರೂ ಕಾಡಿನ ಚಿತ್ರ ತೆಗೆಯಬೇಕು, ಒಂದು ಪ್ರದರ್ಶನ ಏರ್ಪಡಿಸಬೇಕು, ಮನೆಯವರೊಡನೆ ನಾಲ್ಕು ದಿನ ಕಳೆಯಬೇಕು ಎಂಬ ಸಂಕಲ್ಪ ಯುಗಾದಿಯಂದು ಹುಟ್ಟಿ, ಅಕ್ಷಯ ತೃತೀಯದ ಹೊತ್ತಿಗೆ ಮರೆತುಹೋಗುತ್ತದೆ. ಇದು ಉತ್ಸಾಹದ ಕೊರತೆಯಲ್ಲ; ಸಂಕಲ್ಪಕ್ಕೆ ಆಯವ್ಯಯದಲ್ಲಿ ಸ್ಥಾನ ದೊರೆಯದಿರುವುದೇ ಅದಕ್ಕೆ ಕಾರಣ.

ಸ್ವಂತದ್ದು ಯಾವುದು?

ಸೃಜನಶೀಲ ಕೆಲಸವು ಹವ್ಯಾಸ, ವ್ಯಾಪಾರಕ್ಕೂ ಅದಕ್ಕೂ ಸಂಬಂಧವಿಲ್ಲ ಎಂಬ ಭಾವನೆ ವೃತ್ತಿಯಲ್ಲಿ ಬೇರೂರಿದೆ. ಕಾನೂನು ಬೇರೆಯೇ ಮಾತನ್ನು ಹೇಳುತ್ತದೆ. 1957ರ ಕೃತಿಸ್ವಾಮ್ಯ ಅಧಿನಿಯಮದ 17ನೆಯ ಕಲಮಿನ ಪ್ರಕಾರ, ಗಿರಾಕಿಯ ಕೋರಿಕೆಯ ಮೇರೆಗೆ ಹಣ ಪಡೆದು ತೆಗೆದ ಛಾಯಾಚಿತ್ರದ ಪ್ರಥಮ ಸ್ವಾಮ್ಯವು, ಬೇರೆ ಕರಾರು ಇಲ್ಲದಿದ್ದರೆ, ಆ ಗಿರಾಕಿಗೇ ಸೇರುತ್ತದೆ. ಅಂದರೆ 20 ವರ್ಷ ಮದುವೆಗಳ ಚಿತ್ರ ತೆಗೆದ ಛಾಯಾಗ್ರಾಹಕನ ಹಾರ್ಡ್‌ಡಿಸ್ಕ್‌ಗಳಲ್ಲಿ ಲಕ್ಷಾಂತರ ಚಿತ್ರಗಳಿದ್ದರೂ ಅವುಗಳಲ್ಲಿ ಅವನ ಸ್ವತ್ತು ಎನ್ನಬಹುದಾದವು ಅತ್ಯಲ್ಪ.

ಅವನು ಸ್ವಂತ ಇಚ್ಛೆಯಿಂದ, ಸ್ವಂತ ಖರ್ಚಿನಲ್ಲಿ ತೆಗೆದ ಚಿತ್ರದ ಸ್ವಾಮ್ಯವಾದರೋ ಅವನದೇ. ಅದು ಅವನ ಜೀವಿತಾವಧಿಯುದ್ದಕ್ಕೂ, ಅವನು ಮರಣಿಸಿದ ಮರುವರ್ಷದ ಆರಂಭದಿಂದ 60 ವರ್ಷಗಳ ಕಾಲವೂ ಉಳಿಯುತ್ತದೆ. ಕ್ಯಾಲೆಂಡರ್, ಪುಸ್ತಕ, ಕಾರ್ಖಾನೆಯ ವಾರ್ಷಿಕ ವರದಿ, ಪ್ರವಾಸೋದ್ಯಮದ ಪ್ರಚಾರ ಮುಂತಾದ ಬಳಕೆಗೆ ಅದನ್ನು ಮತ್ತೆ ಮತ್ತೆ ಪರವಾನಗಿಯ ಮೇಲೆ ಕೊಡಬಹುದು. ಲೆಕ್ಕಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ ಮದುವೆಯ ಕೆಲಸ ವರಮಾನ. ಸ್ವಂತ ಚಿತ್ರ ಬಂಡವಾಳ. ವರಮಾನವನ್ನೆಲ್ಲ ವೆಚ್ಚಮಾಡಿ ಬಂಡವಾಳ ಕಟ್ಟದ ಅಂಗಡಿಯ ಗತಿ ಏನೆಂಬುದನ್ನು ವರ್ತಕರಿಗೆ ವಿವರಿಸಬೇಕಾಗಿಲ್ಲ.

ಹಿರಿಯರ ನಿದರ್ಶನ

1948ರವರೆಗೆ ಈ ಪಟ್ಟಣಗಳು ಸೇರಿದ್ದ ಹೈದರಾಬಾದ್ ಸಂಸ್ಥಾನದಲ್ಲಿ ಆರನೆಯ ನಿಜಾಮನ ಆಸ್ಥಾನ ಛಾಯಾಗ್ರಾಹಕರಾಗಿದ್ದವರು ರಾಜಾ ದೀನ್ ದಯಾಳ್ (1844–1905). ಇಂದೋರಿನಲ್ಲಿ ಲೋಕೋಪಯೋಗಿ ಇಲಾಖೆಯ ನೌಕರಿಯಲ್ಲಿದ್ದಾಗಲೇ ಅವರು ಮಧ್ಯ ಭಾರತದ ಸ್ಮಾರಕಗಳ ಚಿತ್ರಗಳನ್ನು ತೆಗೆದರು. ಮುಂದೆ ಸಿಕಂದರಾಬಾದ್ ಮತ್ತು ಮುಂಬಯಿಗಳಲ್ಲಿ ಅವರ ಸ್ಟುಡಿಯೊಗಳು ವ್ಯಾಪಾರವಾಗಿಯೂ ಬೆಳೆದವು. ನಮ್ಮದೇ ರಾಜ್ಯದ ಸಂಡೂರಿನ ಎಂ. ವೈ. ಘೋರ್ಪಡೆಯವರು 1970ರ ದಶಕದಲ್ಲಿ ಕರ್ನಾಟಕದ ಹಣಕಾಸು ಸಚಿವರಾಗಿದ್ದವರು. ಕಪ್ಪು-ಬಿಳುಪು ವನ್ಯಜೀವಿ ಛಾಯಾಗ್ರಹಣದಲ್ಲಿ ಅಂತರರಾಷ್ಟ್ರೀಯ ಮನ್ನಣೆ ಪಡೆದವರೂ ಹೌದು. ಆಯವ್ಯಯ ಮಂಡಿಸುವವರು ಕಾಡಿಗೆ ದಿನಗಳನ್ನು ಮೀಸಲಿಡಬಲ್ಲರಾದರೆ, ಸ್ಟುಡಿಯೊ ಮಾಲೀಕರಿಗೆ ಅದು ಅಸಾಧ್ಯವೇನಲ್ಲ.

ಕೈಗೆಟುಕುವ ವಿಷಯಗಳು

ವಿಷಯಕ್ಕಾಗಿ ಹಿಮಾಲಯಕ್ಕೆ ಹೋಗಬೇಕಾಗಿಲ್ಲ. ಸೇಡಂ ತಾಲೂಕಿನ ಮಳಖೇಡದಲ್ಲಿ, ಕಾಗಿಣಾ ನದಿಯ ದಡದಲ್ಲಿ, ರಾಷ್ಟ್ರಕೂಟರ ಮಾನ್ಯಖೇಟದ ಕೋಟೆ ಇದೆ. ಚಿತ್ತಾಪುರದ ಪಕ್ಕದಲ್ಲೇ ಪ್ರಾಚೀನ ಘಟಿಕಾಸ್ಥಾನವಾದ ನಾಗಾವಿ ಇದೆ. ಅದೇ ತಾಲೂಕಿನ ಸನ್ನತಿಯ ಸಮೀಪ, ಕನಗನಹಳ್ಳಿಯಲ್ಲಿ, ಸಾಮ್ರಾಟ ಅಶೋಕನ ಹೆಸರು ಕೆತ್ತಿರುವ ಅವನ ಉಬ್ಬುಶಿಲ್ಪ ದೊರೆತಿದೆ. ವಾಡಿ ಎಂದರೆ ರೈಲು ಜಂಕ್ಷನ್ನು ಮತ್ತು ಸಿಮೆಂಟು. ಶಹಾಬಾದಿನ ಗಣಿಗಳಲ್ಲಿ ಪದರ ಪದರವಾಗಿ ಕಲ್ಲು ಎಬ್ಬಿಸುವ ಕಾರ್ಮಿಕರ ಕೈಚಳಕ, ಟೈಲ್ಸ್‌ಗಳ ಪೈಪೋಟಿಯ ಈ ಕಾಲದಲ್ಲಿ, ದಾಖಲಾಗಲೇಬೇಕಾದದ್ದು. ಚಿಂಚೋಳಿಯ ಕಾಡು 2011ರಲ್ಲಿ ವನ್ಯಜೀವಿ ಧಾಮವೆಂದು ಘೋಷಿತವಾಗಿದೆ; ಅದರ ಆಸುಪಾಸಿನಲ್ಲಿ ಲಂಬಾಣಿ ತಾಂಡಾಗಳಿವೆ. ಐದು ವಿಷಯಗಳನ್ನೂ ಒಂದೇ ವರ್ಷ ಹಿಡಿಯುವುದು ತರವಲ್ಲ. ಒಂದನ್ನು ಆರಿಸಿ, 30 ಉತ್ತಮ ಚಿತ್ರಗಳನ್ನು ಸಿದ್ಧಪಡಿಸುವುದು ಅಳೆಯಬಹುದಾದ ಗುರಿ.

ಅನುಮತಿಗಳನ್ನು ಮೊದಲೇ ಪಡೆಯುವುದು ಕ್ಷೇಮ. ವನ್ಯಜೀವಿ ಧಾಮದೊಳಗೆ ಅರಣ್ಯ ಇಲಾಖೆಯ, ಸಂರಕ್ಷಿತ ಸ್ಮಾರಕಗಳಲ್ಲಿ ವೃತ್ತಿಪರ ಚಿತ್ರೀಕರಣಕ್ಕೆ ಪುರಾತತ್ತ್ವ ಇಲಾಖೆಯ, ರೈಲು ನಿಲ್ದಾಣದಲ್ಲಿ ರೈಲ್ವೆಯ ಮತ್ತು ಗಣಿ, ಕಾರ್ಖಾನೆಗಳಲ್ಲಿ ಮಾಲೀಕರ ಒಪ್ಪಿಗೆ ಅಗತ್ಯ. ಡ್ರೋನ್ ಬಳಸುವವರು 2021ರ ಡ್ರೋನ್ ನಿಯಮಗಳನ್ನು ಪಾಲಿಸತಕ್ಕದ್ದು.

ದಿನಗಳ ಆಯವ್ಯಯ

ಉದಾಹರಣೆಗಾಗಿ, ವರ್ಷಕ್ಕೆ 35 ಮದುವೆಗಳನ್ನು ಮಾಡುವ ಒಂದು ಸ್ಟುಡಿಯೊವನ್ನು ಕಲ್ಪಿಸಿಕೊಳ್ಳೋಣ. ಮದುವೆಗೆ 2 ದಿನದಂತೆ ಚಿತ್ರೀಕರಣಕ್ಕೆ 70 ದಿನ. ಸಂಸ್ಕರಣೆ ಮತ್ತು ಆಲ್ಬಮ್ಮಿಗೆ 3 ದಿನದಂತೆ 105 ದಿನ. ಶಾಲೆಯ ಗುಂಪು ಚಿತ್ರ, ನಾಮಕರಣ, ಪಾಸ್‌ಪೋರ್ಟ್ ಅಳತೆಯ ಚಿತ್ರ ಮುಂತಾದ ಕೆಲಸಕ್ಕೆ 90 ದಿನ. ವಾರದ ರಜೆ 52 ದಿನ. ಒಟ್ಟು 317. ಉಳಿಯುವುದು 48 ದಿನ. ಇದರಲ್ಲಿ 24 ದಿನಗಳನ್ನು ಅನಾರೋಗ್ಯ, ಬಂಧುಗಳ ಕಾರ್ಯ ಇತ್ಯಾದಿಗಳಿಗೆ ಬಿಟ್ಟರೂ, ತಿಂಗಳಿಗೆ 2ರಂತೆ 24 ದಿನ ಸ್ವಂತ ಕೆಲಸಕ್ಕೆ ದೊರೆಯುತ್ತದೆ.

ಈ 24 ದಿನಗಳನ್ನು ಸಮನಾಗಿ ಹಂಚಬೇಕಾಗಿಲ್ಲ. ಆಷಾಢದಲ್ಲಿ ಮುಹೂರ್ತಗಳಿಲ್ಲ, ಮಳೆಗೆ ಚಿಂಚೋಳಿಯ ಕಾಡು ಚಿಗುರುವ ಕಾಲವೂ ಅದೇ. ಪಿತೃಪಕ್ಷದಲ್ಲಿಯೂ ಧನುರ್ಮಾಸದಲ್ಲಿಯೂ ಬಿಡುವುಂಟು. ಧನುರ್ಮಾಸದ ದಿನಗಳಲ್ಲಿ ತೊಗರಿಯ ರಾಶಿ ನಡೆದಿರುತ್ತದೆ. ಪಂಚಾಂಗವನ್ನು ಮುಂದಿಟ್ಟುಕೊಂಡು ದಿನಾಂಕಗಳನ್ನು ಈಗಲೇ ಗುರುತಿಸಿ, ಮುಂಗಡ ಪಡೆದ ಮದುವೆಗಳಂತೆಯೇ ಅವನ್ನೂ ಆರ್ಡರ್ ಪುಸ್ತಕದಲ್ಲಿ ಬರೆಯುವುದು ಉತ್ತಮ. ಬರೆಯದ ದಿನ ಬೇರೆಯವರ ಪಾಲಾಗುತ್ತದೆ.

ಹಣದ ಆಯವ್ಯಯ

ಅದೇ ಸ್ಟುಡಿಯೊ ಮದುವೆಗೆ ಸರಾಸರಿ 40,000 ರೂ. ಪಡೆದರೆ 14 ಲಕ್ಷ. ಇತರ ಕೆಲಸದಿಂದ 3 ಲಕ್ಷ. ಒಟ್ಟು 17 ಲಕ್ಷ ರೂ. ಆಲ್ಬಮ್ ಮುದ್ರಣ, ಸಹಾಯಕರ ಸಂಬಳ, ಬಾಡಿಗೆ, ವಿದ್ಯುತ್, ಪ್ರಯಾಣ, ದುರಸ್ತಿಗಳಿಗೆ 11 ಲಕ್ಷ ಕಳೆಯೋಣ. ಹಲವರು ಉಳಿದ 6 ಲಕ್ಷವನ್ನು ಆದಾಯವೆಂದು ತಿಳಿಯುತ್ತಾರೆ. ಆದರೆ 6 ಲಕ್ಷ ರೂ. ಬೆಲೆಯ ಕ್ಯಾಮೆರಾ, ಲೆನ್ಸ್, ಕಂಪ್ಯೂಟರುಗಳು 5 ವರ್ಷ ಬಾಳಿದರೆ ವರ್ಷಕ್ಕೆ 1,20,000 ರೂ. ಸವಕಳಿ ಆಗುತ್ತದೆ. ಆ ಹಣವನ್ನು ಪ್ರತ್ಯೇಕ ಖಾತೆಯಲ್ಲಿ ಇಡದವರು ಹೊಸ ಕ್ಯಾಮೆರಾಕ್ಕೆ ಸಾಲ ಮಾಡುತ್ತಾರೆ. ನಿಜವಾದ ಆದಾಯ 4,80,000 ರೂ.; ತಿಂಗಳಿಗೆ 40,000.

ಸ್ವಂತ ಯೋಜನೆಗೆ 24 ದಿನಗಳ ಪ್ರಯಾಣ ಹಾಗೂ ಊಟಕ್ಕೆ 24,000 ರೂ., ಮುದ್ರಣ ಮತ್ತು ಪ್ರದರ್ಶನಕ್ಕೆ 36,000 ರೂ., ಒಟ್ಟು 60,000 ರೂ. ಬೇಕಾದೀತು. ಇದು ವಹಿವಾಟಿನ ಶೇ. 3.5ರಷ್ಟು. 3 ಲಕ್ಷ ರೂಪಾಯಿಯ ಹೊಸ ಕ್ಯಾಮೆರಾದ ಒಂದು ವರ್ಷದ ಸವಕಳಿಯೂ 60,000 ರೂಪಾಯಿಯೇ. ಹಳೆಯ ಕ್ಯಾಮೆರಾ ಇನ್ನೊಂದು ವರ್ಷ ಬಾಳುವಂತಿದ್ದರೆ, ಈ ಎರಡರಲ್ಲಿ ಯಾವುದು ಲಾಭಕರವೆಂದು ಕೊಳ್ಳುವ ಮುನ್ನ ಯೋಚಿಸುವುದು ಒಳಿತು.

ತೆರಿಗೆಯ ವಿಷಯ

ಸೇವೆ ಒದಗಿಸುವವರಿಗೆ ಜಿಎಸ್‌ಟಿ ನೋಂದಣಿಯ ಮಿತಿ ವಾರ್ಷಿಕ 20 ಲಕ್ಷ ರೂ. ಸೇಡಂ, ಚಿಂಚೋಳಿಯವರು ನೆರೆಯ ತೆಲಂಗಾಣದ ತಾಂಡೂರಿನಲ್ಲಿ ಮದುವೆ ಒಪ್ಪಿಕೊಂಡರೆ ನೋಂದಣಿ ಕಡ್ಡಾಯವೆಂಬ ತಪ್ಪು ಕಲ್ಪನೆ ಇದೆ. ಈ ಮಿತಿಯೊಳಗೆ ಇರುವ ಸೇವಾದಾರರಿಗೆ ಅಂತರರಾಜ್ಯ ಸೇವೆಗೂ 2017ರ ಅಧಿಸೂಚನೆಯಂತೆ ವಿನಾಯಿತಿ ಇದೆ.

ಆದಾಯ ತೆರಿಗೆಯ ಅಂದಾಜು ಪದ್ಧತಿಯಲ್ಲಿ ಸಣ್ಣ ವ್ಯಾಪಾರಿಗಳು ವಹಿವಾಟಿನ ಕನಿಷ್ಠ ಶೇ. 8ನ್ನು, ಬ್ಯಾಂಕ್ ಅಥವಾ ಡಿಜಿಟಲ್ ಮೂಲಕ ಬಂದ ಹಣದ ಮೇಲೆ ಶೇ. 6ನ್ನು ಆದಾಯವೆಂದು ತೋರಿಸುವ ಅವಕಾಶವಿದೆ. ಇದು ಕನಿಷ್ಠ ಮಾತ್ರ. ನಿಜವಾದ ಆದಾಯ ಹೆಚ್ಚಿದ್ದರೆ ಅದನ್ನೇ ತೋರಿಸುವುದು ಸರಿ. ಇಲ್ಲವಾದರೆ ಸ್ಟುಡಿಯೊ ವಿಸ್ತರಣೆಗೋ ಮನೆಗೋ ಸಾಲ ಕೇಳಿದಾಗ ಬ್ಯಾಂಕು ನೋಡುವುದು ಆ ಅಲ್ಪ ಆದಾಯವನ್ನೇ.

ವೈಯಕ್ತಿಕ ಗುರಿಗಳು

ಛಾಯಾಗ್ರಾಹಕನಿಗೆ ಭವಿಷ್ಯನಿಧಿಯಿಲ್ಲ, ರೋಗದ ರಜೆಯಿಲ್ಲ. ಅವನ ಕಣ್ಣು ಮತ್ತು ಬೆನ್ನೇ ಯಂತ್ರಗಳು. ಅವು ಕೆಟ್ಟರೆ ಬದಲಿ ದೊರೆಯದು. ಆದ್ದರಿಂದ ಕುಟುಂಬಕ್ಕೆ ಆರೋಗ್ಯ ವಿಮೆ (ವೈಯಕ್ತಿಕ ಪಾಲಿಸಿಗಳ ಕಂತಿನ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ರದ್ದಾಗಿದೆ), ಕ್ಯಾಮೆರಾಗಳಿಗೆ ವಿಮೆ, ಸಾರ್ವಜನಿಕ ಭವಿಷ್ಯನಿಧಿ ಖಾತೆಗೆ ತಿಂಗಳ ಕಂತು, ವರ್ಷಕ್ಕೊಮ್ಮೆ ಕಣ್ಣಿನ ತಪಾಸಣೆ ಇವು ವರ್ಷದ ಪಟ್ಟಿಯಲ್ಲಿ ಇರಬೇಕು. ವಾರದ ರಜೆಯ 52 ದಿನಗಳು ಮನೆಯವರಿಗೆ ಸಲ್ಲಬೇಕಾದ ಬಾಕಿ ಎಂದೇ ಎಣಿಸಬೇಕು. ಮದುವೆ ಭಾನುವಾರ ಬಂದರೆ ಬುಧವಾರವಾದರೂ ಅದನ್ನು ತೀರಿಸಬೇಕು.

ಮುಂದಿನ ಹೆಜ್ಜೆ

ಮಾರ್ಚ್ 31ರೊಳಗೆ ಪ್ರತಿಯೊಬ್ಬ ಸ್ಟುಡಿಯೊ ಮಾಲೀಕನೂ ನಾಲ್ಕು ಕೆಲಸ ಮಾಡಬಹುದು. ಒಂದು ವಿಷಯವನ್ನು ಆರಿಸಿ 24 ದಿನಾಂಕಗಳನ್ನು ಬರೆಯುವುದು. ಸವಕಳಿ ಹಣಕ್ಕೆ ಬೇರೆ ಖಾತೆ ತೆರೆಯುವುದು. ಆರ್ಡರ್ ನಮೂನೆಯಲ್ಲಿ ಚಿತ್ರಗಳ ಸ್ವಾಮ್ಯ ಮತ್ತು ಬಳಕೆಯ ಬಗ್ಗೆ ಗಿರಾಕಿಯ ಒಪ್ಪಿಗೆಯ ಕರಾರು ಸೇರಿಸುವುದು. ಸ್ವಂತ ಚಿತ್ರಗಳ ಎರಡು ಪ್ರತಿಗಳನ್ನು ಬೇರೆ ಬೇರೆ ಸ್ಥಳಗಳಲ್ಲಿ ಇಡುವುದು. ಈ ಭಾಗದ ಸಿಮೆಂಟ್ ಕಾರ್ಖಾನೆಗಳೂ ದಾಲ್‌ಮಿಲ್‌ಗಳೂ ತಮ್ಮ ಕ್ಯಾಲೆಂಡರುಗಳಿಗೆ ಬೇರೆ ಊರಿನ ಚಿತ್ರಗಳನ್ನು ಹುಡುಕುವ ಮುನ್ನ ಇಲ್ಲಿಯ ಛಾಯಾಗ್ರಾಹಕರನ್ನು ವಿಚಾರಿಸಿದರೆ, ಅವರ ಮುಂದಿನ ವರ್ಷದ ಆಯವ್ಯಯದಲ್ಲಿ ಪರವಾನಗಿ ಶುಲ್ಕ ಎಂಬ ಹೊಸ ಬಾಬತ್ತೊಂದು ಕಾಣಿಸಿಕೊಳ್ಳಬಹುದು.